ತಾಲೀಮಿನಿಂದ ಮೊಬೈಲಿನವರೆಗೆ: ಕಲಬುರಗಿ ಸೀಮೆಯ ಐದು ಊರುಗಳನ್ನು ಕುರಿತು, ಹೊಟ್ಟೆಯ ಬೊಜ್ಜು ಮತ್ತು ದೂರವ್ಯಾಯಾಮಶಿಕ್ಷಣದ ಒಂದು ಐತಿಹಾಸಿಕ ವಿವೇಚನೆ

1

ರಾಜವಂಶಗಳು, ಯುದ್ಧಗಳು, ದೇವಾಲಯಗಳು, ದಾನಶಾಸನಗಳು ಇವುಗಳ ಚರಿತ್ರೆಯನ್ನು ನಮ್ಮ ವಿದ್ವಾಂಸರು ಬಹು ಶ್ರದ್ಧೆಯಿಂದ ಬರೆದಿದ್ದಾರೆ. ಆದರೆ ಅರಸನಿಗೂ ಆಳಿಗೂ ಸಮಾನವಾಗಿದ್ದ ಒಂದು ವಸ್ತುವಿನ, ಎಂದರೆ ಮನುಷ್ಯದೇಹದ, ಚರಿತ್ರೆಯ ಕಡೆಗೆ ನಮ್ಮ ಗಮನ ಹರಿದಿರುವುದು ಕಡಮೆ. ಯಾವ ಕಾಲದಲ್ಲಿ ಜನರು ಎಷ್ಟು ನಡೆದರು, ಏನನ್ನು ಹೊತ್ತರು, ಯಾವಾಗ ಕುಳಿತರು, ಕುಳಿತದ್ದರಿಂದ ಅವರ ದೇಹಕ್ಕೆ ಏನಾಯಿತು ಎಂಬ ಪ್ರಶ್ನೆಗಳು ಚರಿತ್ರೆಯ ಪ್ರಶ್ನೆಗಳೇ ಆಗಿವೆ. ಪ್ರಕೃತ ಲೇಖನದಲ್ಲಿ ನಾವು ಈ ಪ್ರಶ್ನೆಗಳಲ್ಲೊಂದನ್ನು ಮಾತ್ರ ಎತ್ತಿಕೊಂಡು ವಿವೇಚಿಸಲು ಉದ್ದೇಶಿಸಿದ್ದೇವೆ.

ವಯಸ್ಕರ ಹೊಟ್ಟೆಯ ಬೊಜ್ಜನ್ನು ಕರಗಿಸಲು ಈಗ ಮೊಬೈಲಿನ ಮೂಲಕ ನಡೆಯುವ ವ್ಯಾಯಾಮಕ್ರಮಗಳು ಎಲ್ಲೆಡೆಯೂ ಪ್ರಚಾರದಲ್ಲಿವೆ. ಇವನ್ನು ಹೊಗಳುವವರು ಹಿಂದೆಂದೂ ಇಲ್ಲದ ಸಾಧನವೆಂದು ಹೊಗಳುತ್ತಾರೆ. ತೆಗಳುವವರು ಗರಡಿಯ ಸತ್ತ್ವವನ್ನು ಕೆಡಿಸಿದ ಹೊಸ ಪಿಡುಗೆಂದು ತೆಗಳುತ್ತಾರೆ. ಈ ಎರಡು ಮಾತುಗಳೂ ಚರಿತ್ರೆಯ ಪರೀಕ್ಷೆಗೆ ನಿಲ್ಲಲಾರವು ಎಂಬುದು ನಮ್ಮ ಅಭಿಮತ. ಗುರುವನ್ನು ಕಾಣದೆ ದೂರದಿಂದ ವ್ಯಾಯಾಮವನ್ನು ಕಲಿಯುವ ಪದ್ಧತಿಗೆ ನೂರು ವರ್ಷಗಳಿಗೂ ಮೀರಿದ ಇತಿಹಾಸವುಂಟು. ಕರ್ನಾಟಕದಲ್ಲಿಯೇ ಅದಕ್ಕೆ ಒಂದು ಗಣ್ಯವಾದ ಪರಂಪರೆಯುಂಟು. ಆ ಇತಿಹಾಸವನ್ನು ನೋಡಿದರೆ, ಇಂತಹ ಶಿಕ್ಷಣ ಫಲಿಸಲು ಚಿತ್ರಕ್ಕಿಂತ ಹೆಚ್ಚಾಗಿ ಬೇಕಾದುದು, ಕಲಿಯುವವನ ಲೆಕ್ಕವನ್ನು ಕೇಳುವ ಒಬ್ಬ ಮನುಷ್ಯ ಎಂಬುದು ವಿದಿತವಾಗುತ್ತದೆ.

ವಿವೇಚನೆಗೆ ಒಂದು ನೆಲ ಬೇಕಾದುದರಿಂದ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಎಂಬ ಐದು ಊರುಗಳನ್ನು ಆರಿಸಿಕೊಂಡಿದ್ದೇವೆ. ದುಡಿಯುವ ದೇಹ ಕುಳಿತ ದೇಹವಾಗಿ ಮಾರ್ಪಟ್ಟ ಬಗೆ ಒಂದು ಸಣ್ಣ ಪ್ರದೇಶದಲ್ಲಿ ಇಷ್ಟು ಸ್ಪಷ್ಟವಾಗಿ ಕಾಣಸಿಗುವುದು ಅಪೂರ್ವ.

2

ಬೊಜ್ಜನ್ನು ಕುರಿತ ಚಿಂತೆ ಈ ಕಾಲದ್ದೇ ಎಂದು ತಿಳಿಯುವುದು ತಪ್ಪಾಗುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ನಿಂದಿತವಾದ ಎಂಟು ಬಗೆಯ ದೇಹಗಳನ್ನು ಹೇಳಿ, ಅವುಗಳಲ್ಲಿ ಅತಿಸ್ಥೂಲ ಮತ್ತು ಅತಿಕೃಶ ಎಂಬೆರಡನ್ನು ವಿಸ್ತಾರವಾಗಿ ವಿಚಾರಿಸಲಾಗಿದೆ. ಅಲ್ಲಿ ಅತಿಸ್ಥೂಲನ ಲಕ್ಷಣವೆಂದರೆ ನಡೆಯುವಾಗ ಅಲುಗಾಡುವ ಹೊಟ್ಟೆ, ನಿತಂಬ ಮತ್ತು ಎದೆ. ಕಾರಣಗಳಾಗಿ ಅತಿಭೋಜನ, ಹಗಲುನಿದ್ರೆ, ವ್ಯಾಯಾಮವಿಲ್ಲದಿರುವುದು ಮೊದಲಾದವುಗಳನ್ನು ಎಣಿಸಿದೆ. ಇಂದಿನ ವೈದ್ಯನು ಹೇಳುವ ಮಾತಿಗೂ ಇದಕ್ಕೂ ಬಹಳ ಅಂತರವಿಲ್ಲ.

ನಮ್ಮ ಸೀಮೆಗೆ ಹತ್ತಿರದ ಸಾಕ್ಷ್ಯವೂ ಇದೆ. ಚಿಂಚೋಳಿಗೆ ಅನತಿದೂರದಲ್ಲಿರುವ ಕಲ್ಯಾಣದಿಂದ ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ.ಶ. 1130ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದವೆಂಬ ಭಾಗವುಂಟು. ಅದರಲ್ಲಿ ಮಲ್ಲರನ್ನು ಅವರ ವಯಸ್ಸು ಮತ್ತು ಬಲಗಳಿಗೆ ಅನುಸಾರವಾಗಿ ವರ್ಗಗಳಾಗಿ ವಿಂಗಡಿಸಿ, ಅವರ ಆಹಾರವನ್ನೂ ಅಭ್ಯಾಸವನ್ನೂ ಹೇಳಿದೆ. ಭಾರವನ್ನೆತ್ತುವ ಶ್ರಮ, ನಡೆದಾಡುವ ಶ್ರಮ, ನೀರಿನಲ್ಲಿ ಈಜುವ ಶ್ರಮ, ಕಂಬವನ್ನಾಶ್ರಯಿಸಿ ಮಾಡುವ ಶ್ರಮ ಎಂದು ವ್ಯಾಯಾಮವನ್ನು ಬೇರೆ ಬೇರೆಯಾಗಿ ಹೆಸರಿಸಿರುವುದು ಗಮನಾರ್ಹ. ಒಂದು ದೇಹಕ್ಕೆ ಒಂದು ಕ್ರಮ, ಮತ್ತೊಂದಕ್ಕೆ ಮತ್ತೊಂದು ಎಂಬ ತತ್ತ್ವ ಕಲ್ಯಾಣದ ಅರಮನೆಗೆ ತಿಳಿದಿದ್ದಿತು. ಆದರೆ ಆ ಕ್ರಮವನ್ನು ಪಡೆದವನು ರಾಜಾಶ್ರಯದ ಮಲ್ಲನೇ ಹೊರತು ಹೊಲದ ಒಕ್ಕಲಿಗನಲ್ಲ. ಒಕ್ಕಲಿಗನಿಗೆ ಬೇರೆ ವ್ಯಾಯಾಮದ ಅಗತ್ಯವೂ ಇರಲಿಲ್ಲ.

ಮೈಸೂರು ಸೀಮೆಯ ಗರಡಿಮನೆಗೆ ಸಮನಾದುದು ಹೈದರಾಬಾದ್ ಸಂಸ್ಥಾನದ ಪಟ್ಟಣಗಳಲ್ಲಿ ತಾಲೀಮು ಎಂಬ ಹೆಸರಿನಿಂದ ಬಳಕೆಯಲ್ಲಿದ್ದಿತು. ತಾಲೀಮೆಂದರೆ ಶಿಕ್ಷಣ. ಕೆಮ್ಮಣ್ಣಿನ ಅಂಕಣ, ದಂಡ, ಬೈಠಕ್, ಜೋಡಿ, ಮಲ್ಲಕಂಬ, ಇವೆಲ್ಲವುಗಳ ಮೇಲೆ ಉಸ್ತಾದನ ಕಣ್ಣು. ತಾಲೀಮಿನ ಸ್ವರೂಪ ಇಷ್ಟು. ಇಲ್ಲಿ ಉಸ್ತಾದನ ಕಣ್ಣೆಂಬುದು ಅಲಂಕಾರದ ಮಾತಲ್ಲ. ಬೆನ್ನು ಬಾಗಿದುದನ್ನು ಕಂಡು ತಿದ್ದುವವನೂ, ನಿನ್ನೆ ಬಾರದವನನ್ನು ಇಂದು ವಿಚಾರಿಸುವವನೂ ಅವನೇ. ಅಂಗಸಾಧನೆಯ ಈ ಸ್ಥಳಗಳಿಗೆ ಸಾರ್ವಜನಿಕ ಜೀವನದಲ್ಲಿಯೂ ಮಹತ್ತ್ವವಿದ್ದಿತು. 1938–39ರ ಆರ್ಯ ಸತ್ಯಾಗ್ರಹದ ಕಾಲದಲ್ಲಿ ನಿಜಾಮ ಸರಕಾರದ ಮೇಲಿದ್ದ ದೂರುಗಳಲ್ಲಿ ಅಖಾಡಗಳ ಮೇಲಣ ನಿರ್ಬಂಧವೂ ಒಂದಾಗಿದ್ದಿತು.

ಇಷ್ಟು ಹೇಳಿದ ಮೇಲೆ ತಾಲೀಮಿನ ಕೊರತೆಯನ್ನೂ ಹೇಳಬೇಕು. ಅದು ಗಂಡಸರ ಸ್ಥಳ, ಅದರಲ್ಲಿಯೂ ಯುವಕರ ಸ್ಥಳ. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ನಲವತ್ತು ದಾಟಿ ಹೊಟ್ಟೆ ಬಂದ ಗುಮಾಸ್ತೆಯೂ ಅಂಗಡಿಕಾರನೂ ಲಂಗೋಟಿ ಕಟ್ಟಿ ಅಲ್ಲಿಗೆ ಇಳಿಯುವುದು ಅಪರೂಪ. ಬೊಜ್ಜನ್ನು ಕರಗಿಸುವುದು ತಾಲೀಮಿನ ಉದ್ದೇಶವೇ ಆಗಿರಲಿಲ್ಲ. ಬಲವನ್ನು ಗಳಿಸುವುದು ಅದರ ಉದ್ದೇಶ. ಈ ಭೇದವನ್ನು ಮರೆತು ಗತಕಾಲವನ್ನು ಕೊಂಡಾಡುವುದು ಚರಿತ್ರಕಾರನಿಗೆ ತಕ್ಕುದಲ್ಲ.

3

ಈ ಸೀಮೆಯ ದೇಹವನ್ನು ಬದಲಿಸಿದವುಗಳಲ್ಲಿ ಮೊದಲನೆಯದು ರೈಲು. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವು ಶಹಾಬಾದ್ ಮತ್ತು ವಾಡಿಗಳನ್ನು ಹಾದು 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ಹೋಯಿತು. ನಮ್ಮ ಐದು ಊರುಗಳಲ್ಲಿ ನಾಲ್ಕು ಈ ರೈಲಿನ ದಾರಿಯಲ್ಲಿವೆ, ಚಿಂಚೋಳಿಯೊಂದು ಹೊರಗುಳಿಯಿತು. ಈ ಒಂದು ವ್ಯತ್ಯಾಸದಿಂದ ಅನೇಕ ಪರಿಣಾಮಗಳಾದವು.

ಎರಡನೆಯದು ಕಲ್ಲು. ಶಹಾಬಾದ್ ಕಲ್ಲು ಎಂದು ಪ್ರಸಿದ್ಧವಾದ ಪರ್ಸಿಯನ್ನು ಪದರು ಪದರಾಗಿ ಎಬ್ಬಿಸಿ, ಕಡಿದು, ಹೊತ್ತು ಸಾಗಿಸುವ ಕೆಲಸ ಮನುಷ್ಯನ ತೋಳು ಬೆನ್ನುಗಳ ಮೇಲೆ ನಿಂತಿದ್ದಿತು. ಅದೇ ಸುಣ್ಣಕಲ್ಲಿನಿಂದ ಸಿಮೆಂಟಿನ ಉದ್ಯಮ ಬೆಳೆಯಿತು. ಶಹಾಬಾದಿನ ಸಿಮೆಂಟ್ ಕಂಪನಿಯು 1936ರಲ್ಲಿ ಎ.ಸಿ.ಸಿ. ಎಂಬ ಸಂಯುಕ್ತ ಸಂಸ್ಥೆಯಲ್ಲಿ ವಿಲೀನವಾದ ಕಂಪನಿಗಳಲ್ಲೊಂದು. ವಾಡಿಯಲ್ಲಿ 1968ರಲ್ಲಿ ಅದೇ ಸಂಸ್ಥೆಯ ಕಾರ್ಖಾನೆ ಆರಂಭವಾಯಿತು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಸೇಡಂ ತಾಲ್ಲೂಕಿನ ಮಳಖೇಡದಲ್ಲಿಯೂ ಸೇಡಂ ಪಟ್ಟಣದಲ್ಲಿಯೂ 1980ರ ದಶಕದಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಎದ್ದವು. ಕಾರ್ಖಾನೆಯೊಡನೆ ಕಛೇರಿ, ವಸತಿಗೃಹಗಳು, ಶಾಲೆ, ಬ್ಯಾಂಕು, ಲಾರಿಗಳ ಸಾಲು ಇವೆಲ್ಲವೂ ಬಂದವು. ಹೀಗೆ ಕಲ್ಲನ್ನು ಹೊರುವವನ ಮಗ ಲಾರಿಯ ಗಾಲಿಯನ್ನು ಹಿಡಿದು ಕುಳಿತನು; ಅವನ ಮಗ ನಿಯಂತ್ರಣ ಕೊಠಡಿಯಲ್ಲಿ ಗಣಕಯಂತ್ರದ ಮುಂದೆ ಕುಳಿತನು. ಎಲ್ಲ ಮನೆಗಳ ಕಥೆ ಇದೇ ಎನ್ನಲಾಗದು. ಆದರೆ ಈ ಊರುಗಳಲ್ಲಿ ಬದುಕು ಸಾಗಿದ ದಿಕ್ಕು ಇದು. ಚಿಂಚೋಳಿಯ ಕಡೆ ಒಣಬೇಸಾಯ, ಕೊಂಚಾವರಂ ಅರಣ್ಯದ ಅಂಚಿನ ತಾಂಡಾಗಳು, ಹೈದರಾಬಾದ್ ಮುಂಬಯಿಗಳಿಗೆ ದುಡಿಯಲು ಹೋಗುವ ವಲಸೆ, ಇವುಗಳಿಂದಾಗಿ ದೇಹಶ್ರಮದ ಹಳೆಯ ಬಾಳು ಹೆಚ್ಚು ಕಾಲ ಉಳಿಯಿತು.

ಇಂತಹ ಮಾರ್ಪಾಟು ದೇಹದ ಮೇಲೆ ಏನು ಮಾಡುತ್ತದೆಂಬುದನ್ನು 1950ರ ದಶಕದಲ್ಲಿ ಎರಡು ಸಂಶೋಧನೆಗಳು ತೋರಿಸಿಕೊಟ್ಟವು. ಮೊದಲನೆಯದು ಲಂಡನ್ನಿನದು. ಎರಡಂತಸ್ತಿನ ಬಸ್ಸುಗಳಲ್ಲಿ ದಿನವೆಲ್ಲ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ, ಕುಳಿತೇ ಇರುವ ಚಾಲಕರಲ್ಲಿ ಹೃದ್ರೋಗ ಹೆಚ್ಚೆಂದು ಜೆರ್ರಿ ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ಪ್ರಕಟಿಸಿದರು. 1956ರಲ್ಲಿ ಅವರೇ, ನೌಕರರಿಗೆ ಕೊಟ್ಟ ಸಮವಸ್ತ್ರದ ಅಳತೆಗಳನ್ನು ದಾಖಲೆಗಳಿಂದ ತೆಗೆದು, ಚಾಲಕರ ಷರಾಯಿಯ ಸೊಂಟದಳತೆ ಕಂಡಕ್ಟರುಗಳದ್ದಕ್ಕಿಂತ ದೊಡ್ಡದೆಂದು ತೋರಿಸಿದರು. ದರ್ಜಿಯ ಲೆಕ್ಕ ವೈದ್ಯಶಾಸ್ತ್ರದ ಆಕರವಾದ ಈ ಪ್ರಸಂಗಕ್ಕೆ ನಾವು ಮುಂದೆ ಮರಳುತ್ತೇವೆ.

ಎರಡನೆಯದು ಭಾರತದ್ದೇ. ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ ಜನರನ್ನು ಪರೀಕ್ಷಿಸಿ ಜೀನ್ ಮೇಯರ್, ರಾಯ್ ಮತ್ತು ಮಿತ್ರ ಎಂಬವರು 1956ರಲ್ಲಿ ಒಂದು ಪ್ರಬಂಧವನ್ನು ಹೊರತಂದರು. ದುಡಿಮೆ ಹೆಚ್ಚಿದಂತೆ ಊಟವೂ ಹೆಚ್ಚುತ್ತದೆ, ತೂಕ ಹೆಚ್ಚುವುದಿಲ್ಲ. ಆದರೆ ಕುಳಿತು ಕೆಲಸ ಮಾಡುವ ಅಂಗಡಿಕಾರರಲ್ಲಿ ಮತ್ತು ಗುಮಾಸ್ತರಲ್ಲಿ ಶ್ರಮ ಕಡಮೆಯಾದರೂ ಊಟ ಕಡಮೆಯಾಗುವುದಿಲ್ಲ, ಮೈ ಮಾತ್ರ ಬೆಳೆಯುತ್ತದೆ ಎಂಬುದು ಅವರ ನಿರ್ಣಯ. ಗಿರಣಿಯ ಜಾಗದಲ್ಲಿ ಸಿಮೆಂಟ್ ಕಾರ್ಖಾನೆಯನ್ನಿಟ್ಟರೆ ಈ ವರ್ಣನೆ ವಾಡಿಗೂ ಸೇಡಂಗೂ ಹೊಂದಬಹುದೆಂದು ನಮಗೆ ತೋರುತ್ತದೆ. ಹೊಲದಲ್ಲಿ ದುಡಿದು ಬಂದ ತಂದೆ ತಿಂದಷ್ಟೇ ಜೋಳದ ರೊಟ್ಟಿಯನ್ನು ಕುರ್ಚಿಯಿಂದೆದ್ದು ಬಂದ ಮಗನೂ ತಿನ್ನುತ್ತಾನೆ. ಮೇಲೆ ಸಕ್ಕರೆ ಹಾಕಿದ ಚಹ, ಕರಿದ ತಿಂಡಿಗಳು ಬೇರೆ.

ಹೊಟ್ಟೆಯ ಬೊಜ್ಜನ್ನೇ ಪ್ರತ್ಯೇಕವಾಗಿ ಏಕೆ ಗಣಿಸಬೇಕು? ಮೈಯ ಕೊಬ್ಬು ಎಲ್ಲಿ ಸೇರಿದೆಯೆಂಬುದು ಅದರ ಪ್ರಮಾಣದಷ್ಟೇ ಮುಖ್ಯವೆಂದು ಫ್ರಾನ್ಸಿನ ಜೀನ್ ವಾಗ್ ಎಂಬ ವೈದ್ಯರು 1947ರಲ್ಲಿಯೇ ಸೂಚಿಸಿದರು. ಕರುಳು, ಯಕೃತ್ತು ಮೊದಲಾದ ಒಳಾಂಗಗಳ ಸುತ್ತ ಸೇರುವ ಕೊಬ್ಬು ಮಧುಮೇಹಕ್ಕೂ ಹೃದ್ರೋಗಕ್ಕೂ ಹತ್ತಿರದ ನಂಟುಳ್ಳದ್ದು. ಭಾರತೀಯರು ನೋಡಲು ತೆಳ್ಳಗಿದ್ದರೂ ಕೊಬ್ಬನ್ನು ಹೆಚ್ಚಾಗಿ ಹೊತ್ತಿರುವುದುಂಟು. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ ಇವರು 2004ರಲ್ಲಿ ತಮ್ಮ ದೇಹಗಳನ್ನೇ ಉದಾಹರಣೆಯಾಗಿ ಕೊಟ್ಟರು: ಎತ್ತರಕ್ಕೆ ತೂಕವನ್ನು ಹೋಲಿಸುವ ಸೂಚ್ಯಂಕ ಇಬ್ಬರದೂ 22.3, ಆದರೆ ಮೈಯ ಕೊಬ್ಬಿನ ಪ್ರಮಾಣ ಯುಡ್ಕಿನ್ನರಲ್ಲಿ ಶೇಕಡ 9.1, ಯಾಜ್ಞಿಕರಲ್ಲಿ ಶೇಕಡ 21.2. ಈ ಕಾರಣದಿಂದ ನಮ್ಮವರಿಗೆ ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರು, ಸ್ತ್ರೀಯರಲ್ಲಿ 80 ಸೆಂಟಿಮೀಟರು ಎಂಬ ಮಿತಿಯನ್ನು ವೈದ್ಯರು ಗೊತ್ತುಮಾಡಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇಕಡ 39.5 ಮಂದಿಗೆ ಹೊಟ್ಟೆಯ ಬೊಜ್ಜು ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳಿಂದ ಸ್ತ್ರೀಯರಲ್ಲಿ ಇದು ಸುಮಾರು ಶೇಕಡ 40, ಪುರುಷರಲ್ಲಿ ಸುಮಾರು ಶೇಕಡ 12 ಎಂದು ತಿಳಿಯುತ್ತದೆ. ತಾಲೀಮು ಯಾರನ್ನು ಹೊರಗಿಟ್ಟಿತ್ತೋ ಅವರಲ್ಲಿಯೇ ಈ ತೊಂದರೆ ಹೆಚ್ಚೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

4

ಇನ್ನು ದೂರಶಿಕ್ಷಣದ ಕಡೆಗೆ ಬರೋಣ. ಯೂಜೆನ್ ಸ್ಯಾಂಡೋ ಎಂಬ ಪ್ರಸಿದ್ಧ ಬಲಶಾಲಿ 1904–05ರಲ್ಲಿ ಭಾರತದಲ್ಲಿ ಸಂಚರಿಸಿ ತನ್ನ ದೇಹವನ್ನು ಪ್ರದರ್ಶಿಸಿದನು. ಅವನು ಪುಸ್ತಕ, ಪತ್ರಿಕೆ ಮತ್ತು ಅಂಚೆಗಳ ಮೂಲಕ ವ್ಯಾಯಾಮವನ್ನು ಕಲಿಸುವ ವಿಧಾನಕ್ಕೆ ಪ್ರಚಾರ ತಂದವರಲ್ಲಿ ಮುಖ್ಯನು. ಈ ವಿಧಾನವನ್ನು ಕರ್ನಾಟಕದಲ್ಲಿ ನೆಲೆಗೊಳಿಸಿದವರು ಬೆಂಗಳೂರಿನ ಕೆ. ವಿ. ಅಯ್ಯರ್ (1897–1980). ಕನ್ನಡ ವಾಚಕರು ಅವರನ್ನು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದೂ ಕೈಲಾಸಂ ಅವರ ಮಿತ್ರರೆಂದೂ ಬಲ್ಲರು. ಆದರೆ ಅವರ ಜೀವನದ ಮುಖ್ಯ ವೃತ್ತಿ ಅಂಗಸಾಧನೆಯ ಬೋಧನೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಅವರು 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’, 1937ರಲ್ಲಿ ‘ಸೂರ್ಯನಮಸ್ಕಾರ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಪ್ರಕಟಿಸಿದರು. ಅಂಚೆಯ ಮೂಲಕ ವ್ಯಾಯಾಮವನ್ನು ಕಲಿಸುವ ಶಾಲೆಯನ್ನೂ ಅವರು ನಡೆಸಿದರು. ಆ ವಿಷಯದ ಅವರ ಪುಸ್ತಕ 1942ರಲ್ಲಿ ಹೊರಬಂದಿತು.

ಅಂಚೆಯ ವ್ಯಾಯಾಮಶಿಕ್ಷಣದ ಸಾಮಾನ್ಯ ರೀತಿ ಹೀಗಿದ್ದಿತು. ವಿದ್ಯಾರ್ಥಿಯು ತನ್ನ ವಯಸ್ಸು, ಎತ್ತರ, ತೂಕ, ಎದೆ ಮತ್ತು ಸೊಂಟದ ಅಳತೆ, ಉದ್ಯೋಗ, ಹಿಂದಿನ ರೋಗಗಳು ಇವನ್ನು ಬರೆದು ಕಳುಹಿಸುವನು. ಗುರುವು ಅದಕ್ಕೆ ತಕ್ಕ ಪಾಠವನ್ನು ಕಳುಹಿಸುವನು. ಕೆಲವು ವಾರಗಳ ಮೇಲೆ ವಿದ್ಯಾರ್ಥಿಯು ಮತ್ತೆ ಅಳತೆಗಳನ್ನು ಬರೆಯಬೇಕು. ಅದನ್ನು ನೋಡಿ ಮುಂದಿನ ಪಾಠ. ಇಲ್ಲಿ ಗುರುವಿನ ಕಣ್ಣಿಲ್ಲದಿದ್ದರೂ ಗುರುವಿನ ಪ್ರಶ್ನೆಯಿದೆ. ಪತ್ರಕ್ಕೆ ಉತ್ತರ ಕೊಡಬೇಕೆಂಬ ದಾಕ್ಷಿಣ್ಯವಿದೆ. ನಾಲ್ಕು ಗೋಡೆಗಳ ನಡುವೆ ಕುಳಿತ ಗುಮಾಸ್ತನು ಯಾರ ಮುಂದೆಯೂ ನಾಚದೆ ವ್ಯಾಯಾಮ ಮಾಡುವ ಅನುಕೂಲ ಮೊದಲು ದೊರೆತುದು ಈ ಪದ್ಧತಿಯಿಂದ. ಇಂದಿನ ಮೊಬೈಲಿನ ವ್ಯಾಯಾಮಕ್ರಮವು ಮೊದಲಿಗೆ ಕೇಳುವ ಪ್ರಶ್ನೆಗಳೂ ಹೆಚ್ಚುಕಡಮೆ ಇವೇ ಎಂಬುದನ್ನು ಗಮನಿಸಿದರೆ ಎರಡರ ವಂಶಸಂಬಂಧ ಸುಸ್ಪಷ್ಟವಾಗುತ್ತದೆ.

ಅದೇ ಕಾಲದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಿಂದ ಯೋಗಶಾಲೆಯನ್ನು ನಡೆಸುತ್ತಿದ್ದರು. 1934ರಲ್ಲಿ ಪ್ರಕಟವಾದ ಅವರ ‘ಯೋಗ ಮಕರಂದ’ವು ಛಾಯಾಚಿತ್ರಗಳೊಡನೆ ಆಸನಗಳನ್ನು ವಿವರಿಸಿದ ಕನ್ನಡ ಗ್ರಂಥ. ದೇಹಶಿಕ್ಷಣದ ಪರಿಭಾಷೆ ಕನ್ನಡದಲ್ಲಿಯೇ ಸಾಧ್ಯವೆಂಬುದಕ್ಕೆ ಇದು ಸಾಕ್ಷಿ.

ಪುಸ್ತಕ ಮತ್ತು ಅಂಚೆಗಳ ತರುವಾಯ ಬಂದವು ರೇಡಿಯೋ ಮತ್ತು ದೂರದರ್ಶನ. ಜಪಾನಿನಲ್ಲಿ 1928ರಲ್ಲಿ ಆರಂಭವಾದ ರೇಡಿಯೋ ವ್ಯಾಯಾಮವು ಲಕ್ಷಾಂತರ ಜನರನ್ನು ಒಂದೇ ಹೊತ್ತಿಗೆ ಎದ್ದು ನಿಲ್ಲಿಸಿತು. ನಮ್ಮ ಸೀಮೆಯ ಮಟ್ಟಿಗೆ ಹೆಚ್ಚು ಮಹತ್ತ್ವದ ಸಂಗತಿ ಬೇರೊಂದಿದೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ಪಾಠಗಳನ್ನು ಕಳುಹಿಸಿದ ‘ಸೈಟ್’ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಬೇಸಾಯ, ಆರೋಗ್ಯ, ಕುಟುಂಬಯೋಜನೆ ಇವು ಅದರ ಪಾಠಗಳು. ಹಿಂದುಳಿದುದೆಂದು ಎಲ್ಲರೂ ಕರೆಯುವ ಈ ಸೀಮೆಯ ಹಳ್ಳಿಗರು ಬೆಂಗಳೂರಿನವರಿಗಿಂತ ಮೊದಲೇ ಪರದೆಯಿಂದ ಆರೋಗ್ಯದ ಪಾಠವನ್ನು ಕೇಳಿದ್ದರು. ಆದರೆ ರೇಡಿಯೋಗೂ ದೂರದರ್ಶನಕ್ಕೂ ಒಂದು ಸಮಾನ ಕೊರತೆ: ಅವು ಹೇಳುತ್ತವೆ, ಕೇಳುವುದಿಲ್ಲ. ಅಂಚೆಯ ಗುರುವಿಗಿದ್ದ ಪ್ರಶ್ನೆ ಇಲ್ಲಿ ಲುಪ್ತವಾಯಿತು.

ಆ ಪ್ರಶ್ನೆಯನ್ನು ಮರಳಿ ತರುವ ಶಕ್ತಿ ಮೊಬೈಲಿಗಿದೆ. ಆಹಾರ ಮತ್ತು ವ್ಯಾಯಾಮದ ಲೆಕ್ಕವಿಡುವ ಹೆಲ್ದಿಫೈಮಿ 2012ರಲ್ಲಿಯೂ, ವ್ಯಾಯಾಮಶಾಲೆಗಳೊಡನೆ ಆರಂಭಿಸಿದ ಕಲ್ಟ್‌ಫಿಟ್ 2016ರಲ್ಲಿಯೂ ಬೆಂಗಳೂರಿನಲ್ಲಿಯೇ ಹುಟ್ಟಿದವು. ಅಯ್ಯರ್ ಅವರ ಊರಿಗೆ ಇದು ತಕ್ಕುದೇ ಆಗಿದೆ. 2016ರ ಸೆಪ್ಟೆಂಬರಿನ ತರುವಾಯ ಅಂತರ್ಜಾಲದ ದರ ಬಿದ್ದುಹೋಗಿ ಹಳ್ಳಿಹಳ್ಳಿಗೂ ಚಲಚ್ಚಿತ್ರಪಾಠಗಳು ತಲುಪಿದವು. 2020ರ ಮಾರ್ಚ್ ತಿಂಗಳಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯವರದೇ ಆಯಿತು. ಅದೇ ತಿಂಗಳು ದೇಶವೆಲ್ಲ ಬಾಗಿಲು ಮುಚ್ಚಿತು. ವ್ಯಾಯಾಮಶಾಲೆಗಳಿಗೆ ಮರಳಿ ತೆರೆಯಲು ಅನುಮತಿ ಸಿಕ್ಕಿದ್ದು ಆಗಸ್ಟ್ 5ರಂದು. ಆ ತಿಂಗಳುಗಳಲ್ಲಿ ಮನೆಯೊಳಗಿನ ಮೊಬೈಲೇ ಅನೇಕರಿಗೆ ಉಸ್ತಾದನಾಯಿತು. 2021ರ ಆಗಸ್ಟ್ 29ರಂದು ಕೇಂದ್ರ ಸರಕಾರವೇ ಫಿಟ್ ಇಂಡಿಯಾ ಎಂಬ ಆ್ಯಪನ್ನು ಹೊರತಂದಿತು.

5

ಈ ಕ್ರಮಗಳಿಂದ ಹೊಟ್ಟೆಯ ಬೊಜ್ಜು ನಿಜವಾಗಿಯೂ ಕರಗುವುದೇ ಎಂಬ ಪ್ರಶ್ನೆಗೆ ಚರಿತ್ರೆಯೊಂದರಿಂದಲೇ ಉತ್ತರ ದೊರೆಯದು. ಪ್ರಯೋಗಗಳ ಸಾಕ್ಷ್ಯವನ್ನು ಕರೆಯಬೇಕು.

ಮೊದಲಿಗೆ ಒಂದು ಭ್ರಮೆಯನ್ನು ನಿವಾರಿಸಬೇಕು. ಹೊಟ್ಟೆಯ ಸ್ನಾಯುಗಳನ್ನು ದುಡಿಸಿದರೆ ಹೊಟ್ಟೆಯ ಕೊಬ್ಬು ಕರಗುವುದೆಂಬ ನಂಬಿಕೆ ಸಾರ್ವತ್ರಿಕವಾಗಿದೆ. ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 13 ಮಂದಿ ಪುರುಷರು 27 ದಿನಗಳಲ್ಲಿ ತಲಾ 5,004 ಸಲ ಮಲಗಿ ಎದ್ದರು. ಹೊಟ್ಟೆಯ ಕೊಬ್ಬಿನ ಕಣಗಳು ಬೇರೆ ಭಾಗದವುಗಳಿಗಿಂತ ಹೆಚ್ಚಾಗಿ ಕುಗ್ಗಲಿಲ್ಲ. 2011ರಲ್ಲಿ ಪ್ರಕಟವಾದ ಆರು ವಾರಗಳ ಮತ್ತೊಂದು ಪ್ರಯೋಗದಿಂದಲೂ ಹೊಟ್ಟೆಯ ವ್ಯಾಯಾಮವೊಂದರಿಂದಲೇ ಹೊಟ್ಟೆಯ ಕೊಬ್ಬು ಕಡಮೆಯಾಗದೆಂದು ತಿಳಿದುಬಂದಿತು. ಆದುದರಿಂದ ಹತ್ತು ದಿನಗಳಲ್ಲಿ ಹೊಟ್ಟೆ ಕರಗಿಸುತ್ತೇವೆಂದು ಸಾರುವ ಪಾಠಗಳು, ಅವು ಯಾವ ಪರದೆಯ ಮೇಲೆ ಬಂದರೂ, ನಂಬತಕ್ಕವಲ್ಲ.

ಆದರೆ ನಿರಾಶೆಗೂ ಕಾರಣವಿಲ್ಲ. ಇಡೀ ಮೈಯನ್ನು ದುಡಿಸುವ ವ್ಯಾಯಾಮ, ಎಂದರೆ ಬಿರುಸಿನ ನಡಿಗೆ, ಓಟ, ಸೈಕಲ್ ಮೊದಲಾದುವು, ಒಳಾಂಗಗಳ ಸುತ್ತಣ ಕೊಬ್ಬನ್ನು ಕುಗ್ಗಿಸುತ್ತವೆ. ತೂಕ ಇಳಿಯದಂತೆ ಆಹಾರವನ್ನು ಸರಿಹೊಂದಿಸಿಕೊಂಡು ವ್ಯಾಯಾಮ ಮಾಡಿದ ಸ್ಥೂಲಕಾಯರಲ್ಲಿಯೂ ಈ ಕೊಬ್ಬು ಕಡಮೆಯಾಯಿತೆಂದು ರಾಸ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಹೀಗಾಗಿ ತಕ್ಕಡಿಯ ಮುಳ್ಳನ್ನಷ್ಟೇ ನೋಡಿ ಬೇಸರಪಡದೆ ಸೊಂಟಕ್ಕೆ ಟೇಪು ಹಿಡಿಯುವುದು ಯುಕ್ತ. ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ವ್ಯಾಯಾಮವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಿಧಿಸಿದೆ.

ಇನ್ನು ಮೊಬೈಲಿನ ಪಾತ್ರ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಆ್ಯಪನ್ನು ಬಳಸಿದವರ ತೂಕ ಬಳಸದವರಿಗಿಂತ ಸರಾಸರಿ ಒಂದು ಕಿಲೋಗ್ರಾಮಿನಷ್ಟು ಹೆಚ್ಚಾಗಿ ಇಳಿದುದು ಕಂಡಿತು. ಲಾಭವುಂಟು, ಆದರೆ ಮಿತವಾದುದು. 2016ರಲ್ಲಿ ಪಿಟ್ಸ್‌ಬರ್ಗಿನಿಂದ ಬಂದ ಪ್ರಯೋಗ ಇನ್ನೂ ಬೋಧಪ್ರದ. ಅಲ್ಲಿ 471 ಮಂದಿಗೆ ಆಹಾರದ ಕಟ್ಟಳೆ, ವ್ಯಾಯಾಮ, ಗುಂಪಿನ ಸಲಹೆ, ದೂರವಾಣಿಯ ವಿಚಾರಣೆ ಎಲ್ಲವನ್ನೂ ಸಮಾನವಾಗಿ ಕೊಟ್ಟು, ಅರ್ಧದಷ್ಟು ಮಂದಿಗೆ ಮಾತ್ರ ಚಲನೆಯನ್ನೆಣಿಸುವ ಯಂತ್ರವನ್ನು ಮೈಗೆ ಕಟ್ಟಿದರು. ಎರಡು ವರ್ಷಗಳ ಕೊನೆಗೆ ಯಂತ್ರವಿಲ್ಲದವರ ತೂಕ 5.9 ಕಿಲೋಗ್ರಾಂ ಇಳಿದಿದ್ದಿತು, ಯಂತ್ರವುಳ್ಳವರದು 3.5 ಕಿಲೋಗ್ರಾಂ ಮಾತ್ರ. ಯಂತ್ರವು ಎಣಿಸಬಲ್ಲುದು, ಎಣಿಕೆಯಿಂದ ಸಂಕಲ್ಪ ಹುಟ್ಟಲೇಬೇಕೆಂಬ ನಿಯಮವಿಲ್ಲ. ಅಂತರ್ಜಾಲದ ಆರೋಗ್ಯಕ್ರಮಗಳನ್ನು ಆರಂಭಿಸಿದವರು ಬಹುಬೇಗ ಬಿಟ್ಟುಹೋಗುವುದು ಎಷ್ಟು ಸಾಮಾನ್ಯವೆಂದರೆ, ಗುಂಥರ್ ಐಸೆನ್‌ಬಾಖ್ ಎಂಬ ವಿದ್ವಾಂಸರು 2005ರಲ್ಲಿ ಅದನ್ನೊಂದು ನಿಯಮವೆಂದೇ ಕರೆದರು. ಮನುಷ್ಯನೊಬ್ಬನ ವಿಚಾರಣೆ ಜೊತೆಗೂಡಿದಾಗ ಜನರು ಹೆಚ್ಚು ಕಾಲ ನಿಲ್ಲುವರೆಂಬುದು ಸಾಮಾನ್ಯವಾದ ಅನುಭವ.

ಸರಳ ಸಾಧನವೂ ಉಪಕರಿಸಬಲ್ಲುದೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ನಿದರ್ಶನವಿದೆ. ತಮಿಳುನಾಡು ಮತ್ತು ಆಂಧ್ರಪ್ರದೇಶಗಳಲ್ಲಿ, ಮಧುಮೇಹದ ಅಂಚಿನಲ್ಲಿದ್ದ 537 ಮಂದಿ ಉದ್ಯೋಗಸ್ಥ ಪುರುಷರಲ್ಲಿ ಅರ್ಧ ಭಾಗಕ್ಕೆ ಆಹಾರ ವ್ಯಾಯಾಮಗಳನ್ನು ನೆನಪಿಸುವ ಕಿರುಸಂದೇಶಗಳನ್ನು ಮೊಬೈಲಿಗೆ ಕಳುಹಿಸಲಾಯಿತು. ಎರಡು ವರ್ಷಗಳಲ್ಲಿ ಸಂದೇಶ ಪಡೆದವರಲ್ಲಿ ಶೇಕಡ 18 ಮಂದಿಗೆ ಮಧುಮೇಹ ಬಂದರೆ, ಪಡೆಯದವರಲ್ಲಿ ಶೇಕಡ 27 ಮಂದಿಗೆ ಬಂದಿತೆಂದು ರಾಮಚಂದ್ರನ್ ಮತ್ತು ಸಂಗಡಿಗರು 2013ರಲ್ಲಿ ವರದಿಮಾಡಿದರು. ದುಬಾರಿಯಾದ ಕೈಗಡಿಯಾರವಿಲ್ಲದೆ, ಚಲಚ್ಚಿತ್ರವಿಲ್ಲದೆ, ತಪ್ಪದೆ ಬರುವ ಒಂದು ಸಾಲಿನ ನೆನಪು ಇಷ್ಟು ಕೆಲಸ ಮಾಡಿತು. ಅಂಚೆಯ ಗುರುವಿನ ಪತ್ರದ ಸತ್ತ್ವವೂ ಇದೇ ಆಗಿದ್ದಿತಲ್ಲವೆ?

6

ಈ ವಿವೇಚನೆಯನ್ನು ಹಿಡಿದು ಮತ್ತೆ ನಮ್ಮ ಐದು ಊರುಗಳಿಗೆ ಮರಳಿದರೆ ಮೂರು ಸಂಗತಿಗಳು ತೋರುತ್ತವೆ.

ಮೊದಲನೆಯದಾಗಿ, ಮನೆಯ ಬಾಗಿಲ ಹಿಂದೆ ನಡೆಯುವ ವ್ಯಾಯಾಮವು ಈ ಸೀಮೆಯ ಸ್ತ್ರೀಯರಿಗೆ ತಾಲೀಮು ಎಂದೂ ಕೊಡದಿದ್ದುದನ್ನು ಕೊಡಬಲ್ಲುದು. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ಮೀರುವ ಈ ಪ್ರದೇಶದಲ್ಲಿ ಹೊರಗೆ ನಡೆಯುವುದು ಬೆಳಗಿನ ಸ್ವಲ್ಪ ಹೊತ್ತು ಮಾತ್ರ ಸಾಧ್ಯ. ಆ ಹೊತ್ತು ಗೃಹಿಣಿಗೆ ನೀರು, ರೊಟ್ಟಿ, ಮಕ್ಕಳ ಶಾಲೆಗಳ ಹೊತ್ತು. ಮಧ್ಯಾಹ್ನ ಬಿಡುವಾದಾಗ ಅವಳ ಮುಂದೆ ತೆರೆಯಬಲ್ಲ ಗರಡಿ ಮೊಬೈಲೊಂದೇ. ಆದರೆ ಮನೆಯಲ್ಲಿ ಮೊಬೈಲು ಯಾರ ಕೈಯಲ್ಲಿರುತ್ತದೆ, ಅವಳ ಬಿಡುವನ್ನು ಯಾರು ಗೌರವಿಸುತ್ತಾರೆ ಎಂಬ ಪ್ರಶ್ನೆಗಳಿಗೆ ಆ್ಯಪಿನಲ್ಲಿ ಉತ್ತರವಿಲ್ಲ.

ಎರಡನೆಯದಾಗಿ, ದುಡಿಯುವವನನ್ನೂ ಕುಳಿತವನನ್ನೂ ಒಂದೇ ಪಾಠದಿಂದ ತೃಪ್ತಿಪಡಿಸಲಾಗದು. ಕಲ್ಲಿನ ಖಣಿಯಲ್ಲಿ ಧೂಳು ಕುಡಿದು ಬೆನ್ನು ಸವೆಸಿಕೊಂಡವನಿಗೆ ಬೊಜ್ಜಿಲ್ಲದಿರಬಹುದು. ಅಷ್ಟರಿಂದ ಅವನು ಆರೋಗ್ಯವಂತನಾಗುವುದಿಲ್ಲ. ಅವನಿಗೆ ಬೇಕಾದುದು ವಿಶ್ರಾಂತಿ ಮತ್ತು ಆಹಾರ. ಲಾರಿಯ ಚಾಲಕನಿಗೂ ರಾತ್ರಿಪಾಳಿಯ ನೌಕರನಿಗೂ ಹೊತ್ತಿಗೆ ಸರಿಯಾದ ನಿದ್ರೆಯೇ ಮೊದಲ ಔಷಧ. ಮಾನಸೋಲ್ಲಾಸವು ಮಲ್ಲರನ್ನು ವರ್ಗಗಳಾಗಿ ವಿಂಗಡಿಸಿದ ವಿವೇಕ ಇಂದಿನ ಕ್ರಮಗಳಿಗೂ ಅವಶ್ಯಕ. ಹೃದ್ರೋಗ, ರಕ್ತದೊತ್ತಡ ಮೊದಲಾದುವುಳ್ಳವರು ವೈದ್ಯರನ್ನು ಕೇಳದೆ ಪರದೆಯ ಆಜ್ಞೆಯಂತೆ ಕುಣಿಯುವುದು ಅಪಾಯಕರ.

ಮೂರನೆಯದು ಭಾಷೆ. 1934ರಲ್ಲಿ ಕನ್ನಡದಲ್ಲಿ ಬರೆಯಲು ಸಾಧ್ಯವಾದ ದೇಹಶಿಕ್ಷಣವನ್ನು ಇಂದು ಚಿಂಚೋಳಿಯ ತಾಯಿಯೊಬ್ಬಳು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಕೇಳಿ ಊಹಿಸಿಕೊಳ್ಳಬೇಕಾದುದು ಗೌರವದ ಸಂಗತಿಯಲ್ಲ. ಉಸ್ತಾದನು ಜನರ ಮಾತಿನಲ್ಲಿಯೇ ತಿದ್ದುತ್ತಿದ್ದನು. ಕಾಲೇಜುಗಳ ದೈಹಿಕ ಶಿಕ್ಷಣ ವಿಭಾಗದವರೂ ಕನ್ನಡ ವಿಭಾಗದವರೂ ಕೂಡಿದರೆ ಈ ಸೀಮೆಯ ಕನ್ನಡದಲ್ಲಿ ಇಂತಹ ಪಾಠಗಳನ್ನು ಸಿದ್ಧಗೊಳಿಸುವುದು ದುಸ್ಸಾಧ್ಯವೇನಲ್ಲ; ವಾರಕ್ಕೊಮ್ಮೆ ಸೊಂಟದಳತೆಯನ್ನು ಕೇಳಿ ಬರೆದುಕೊಳ್ಳುವ ಒಬ್ಬ ಅಧ್ಯಾಪಕ ಅಥವಾ ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಆ ಪಾಠಕ್ಕೆ ಉಸ್ತಾದನ ಕಣ್ಣೂ ಬಂದಂತಾಗುತ್ತದೆ.

7

ಕೊನೆಯದಾಗಿ ಚರಿತ್ರೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಲಂಡನ್ನಿನ ಸಂಶೋಧಕರು ಸಮವಸ್ತ್ರದ ಅಳತೆಯಿಂದ ಬಸ್ಸಿನವರ ದೇಹದ ಚರಿತ್ರೆಯನ್ನು ಬರೆದರು. ವಾಡಿಯ ರೈಲು, ಶಹಾಬಾದ್ ಸೇಡಂಗಳ ಕಾರ್ಖಾನೆಗಳು, ಪೋಲೀಸು ಠಾಣೆಗಳು ಇವೆಲ್ಲವೂ ಸಮವಸ್ತ್ರವುಳ್ಳ ಉದ್ಯೋಗಗಳ ಸ್ಥಳಗಳೇ. ಹಳೆಯ ಬಟ್ಟೆಯ ವಿತರಣೆಯ ಪುಸ್ತಕಗಳು, ನೇಮಕದ ಕಾಲದ ವೈದ್ಯಪರೀಕ್ಷೆಯ ಹಾಳೆಗಳು, ಸಮವಸ್ತ್ರ ಹೊಲಿದ ದರ್ಜಿಗಳ ಅಳತೆಪುಸ್ತಕಗಳು ರದ್ದಿಗೆ ಹೋಗುವ ಮೊದಲು ಅವುಗಳನ್ನು ಹುಡುಕತಕ್ಕದ್ದು. ವ್ಯಕ್ತಿಗಳ ಹೆಸರನ್ನು ಬಿಟ್ಟು ಅಳತೆ, ವಯಸ್ಸು, ಕೆಲಸ ಮತ್ತು ವರ್ಷಗಳನ್ನಷ್ಟೇ ಬರೆದುಕೊಂಡರೆ, ಮೂರು ತಲೆಮಾರಿನ ಸೊಂಟದ ಚರಿತ್ರೆ ನಮ್ಮ ಕೈಗೆ ಸಿಕ್ಕಬಹುದು. ತಾಲೀಮುಗಳಲ್ಲಿ ಕಲಿತ ಹಿರಿಯರ ನೆನಪುಗಳನ್ನೂ ಈಗಲೇ ಸಂಗ್ರಹಿಸಬೇಕು.

ಈ ಕೆಲಸ ತುರ್ತಿನದೆನ್ನಲು ಕಾರಣವಿದೆ. ಪೆಟ್ಟಿಗೆಯಲ್ಲಿ ಉಳಿದ ಪತ್ರವನ್ನು ಮೊಮ್ಮಗನು ಓದಬಲ್ಲನು. ಇಂದಿನ ಸೊಂಟದಳತೆ, ನಡಿಗೆ, ಊಟ, ನಿದ್ರೆಗಳ ಲೆಕ್ಕವೆಲ್ಲ ಕಂಪನಿಗಳ ಗಣಕಯಂತ್ರಗಳಲ್ಲಿ ಸೇರಿಹೋಗುತ್ತಿದೆ. ಅದು ಅಳಿಸಿದರೆ ಅಳಿದುಹೋಯಿತು, ಉಳಿದರೂ ನಮ್ಮದಲ್ಲ. ದೇಹವನ್ನು ಇಷ್ಟು ಸೂಕ್ಷ್ಮವಾಗಿ ಅಳೆದ ಕಾಲ ಹಿಂದೆ ಇರಲಿಲ್ಲ. ಆ ಅಳತೆ ಅಳೆಯಲ್ಪಟ್ಟವನ ಕೈಯಲ್ಲಿ ಇಷ್ಟು ಕಡಮೆ ಉಳಿದ ಕಾಲವೂ ಇರಲಿಲ್ಲ. ಸೊಂಟದಳತೆಯನ್ನು ತನ್ನ ಕೈಯಿಂದಲೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಹಳೆಯ ಅಭ್ಯಾಸ ಆರೋಗ್ಯಕ್ಕೂ ಚರಿತ್ರೆಗೂ ಏಕಕಾಲದಲ್ಲಿ ಉಪಕಾರಿಯೆಂಬುದು ನಮ್ಮ ಸೂಚನೆ.

ತಾಲೀಮು, ಅಂಚೆ, ಪರದೆ, ಮೊಬೈಲು ಇವು ಒಂದರ ಬದಲಿಗೆ ಒಂದು ಬಂದ ಸಾಧನಗಳು. ಎಲ್ಲವುಗಳಲ್ಲಿಯೂ ಫಲ ಕೊಟ್ಟ ಅಂಶವೆಂದರೆ ನಿತ್ಯದ ಶ್ರಮ, ಪ್ರಾಮಾಣಿಕವಾದ ಅಳತೆ, ಮತ್ತು ನಿನ್ನೆ ಏಕೆ ಮಾಡಲಿಲ್ಲವೆಂದು ಕೇಳುವ ಒಬ್ಬರು. ಓದುವುದೂ ಬರೆಯುವುದೂ ಕುಳಿತೇ ಮಾಡುವ ಕೆಲಸಗಳಾದುದರಿಂದ ಈ ಮಾತು ಅಧ್ಯಾಪಕವರ್ಗಕ್ಕೆ ಎಲ್ಲರಿಗಿಂತ ಮೊದಲು ಅನ್ವಯಿಸುತ್ತದೆಂಬುದನ್ನು ನಾವು ಬಲ್ಲೆವು. ಈ ಲೇಖನವನ್ನು ಮುಗಿಸಿದ ವಾಚಕರು ಪತ್ರಿಕೆಯನ್ನು ಕೆಳಗಿಟ್ಟು ಎದ್ದು ಸ್ವಲ್ಪ ದೂರ ನಡೆದುಬಂದರೆ ನಮ್ಮ ಶ್ರಮ ಸಾರ್ಥಕವಾಗುವುದು.